ಚಿಕಿತ್ಸೆ ಮುಗಿಸಿ ಅಣ್ಣ ಮನೆಗೆ ಬರುತ್ತಿದ್ದಾನೆ: ಮನೆಯವರು ತಮ್ಮನ್ನು ತಾವು ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ಪೆರ್ಲದ ತಂಗಿ

ಎಲ್ಲರಿಗೂ ನಮಸ್ಕಾರ. ನನ್ನ ತವರುಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ. ಮದುವೆಯಾದ ಮೇಲೆ ಮುಳ್ಳೇರಿಯದಲ್ಲಿದ್ದೇನೆ. ತವರಿನಲ್ಲಿ ಅಮ್ಮ, ಅಣ್ಣ, ಅತ್ತಿಗೆ ಮತ್ತು ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ಅಣ್ಣನ ಮಗಳು ಇದ್ದಾರೆ. ಅಣ್ಣನಿಗೆ ಹಲವು ವರ್ಷಗಳಿಂದ ಕುಡಿತದ ಚಟವಿದೆ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಈಗ ಎರಡನೆಯ ಸಲ ಚಿಕಿತ್ಸೆ ಪಡೆಯುತ್ತಿದ್ದು, ಮುಂದಿನ ವಾರ ಮನೆಗೆ ಬರುತ್ತಾನೆ. ಅವನ ಮಾತ್ರೆ, ಆಹಾರ, ಮುಂದಿನ ಭೇಟಿ ಎಲ್ಲವನ್ನೂ ವೈದ್ಯರು ವಿವರವಾಗಿ ತಿಳಿಸಿದ್ದಾರೆ. ಆದರೆ ಅವನೊಂದಿಗೆ ಬದುಕಬೇಕಾದವರು ಹೇಗಿರಬೇಕೆಂದು ಯಾರೂ ಹೇಳಲಿಲ್ಲ.

ರಾತ್ರಿ ಅಣ್ಣನ ಬೈಕಿನ ಸದ್ದು ತೋಡಿನ ಸಂಕದ (ಕಿರುಸೇತುವೆಯ) ಹತ್ತಿರ ಕೇಳಿಸುವವರೆಗೆ ಅಮ್ಮ ಮಲಗುವವರಲ್ಲ. ಸಂಕ ದಾಟಿದ ಬೈಕು ಅಂಗಳಕ್ಕೆ ಬರಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದರಿಂದಲೇ ಅವನು ಎಷ್ಟು ಕುಡಿದಿದ್ದಾನೆಂದು ಅವರಿಗೆ ತಿಳಿಯುತ್ತದೆ. ಈಗ ಅವನು ಮನೆಯಲ್ಲೇ ಇಲ್ಲ, ಆದರೂ ಅಮ್ಮ ಹನ್ನೊಂದು ಗಂಟೆಯವರೆಗೆ ಚಾವಡಿಯಲ್ಲಿ ಕುಳಿತೇ ಇರುತ್ತಾರೆ. ರಕ್ತದೊತ್ತಡದ ಮಾತ್ರೆಯನ್ನು ಎಷ್ಟೋ ದಿನ ಮರೆಯುತ್ತಾರೆ. ಅತ್ತಿಗೆ ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಸಂಘದ) ವಾರದ ಸಭೆಗೆ ಹೋಗುವುದನ್ನೂ ತವರಿಗೆ ಹೋಗುವುದನ್ನೂ ಬಿಟ್ಟಿದ್ದಾರೆ. ಮನೆಗೆ ಯಾರಾದರೂ ಬಂದರೆ ಮಗು ತಾನಾಗಿಯೇ ಮುಂದೆ ಬಂದು, “ಅಪ್ಪ ತೋಟದಲ್ಲಿದ್ದಾರೆ, ಈಗ ಸಿಗುವುದಿಲ್ಲ” ಎಂದು ಹೇಳುತ್ತದೆ. ಹಾಗೆ ಹೇಳಬೇಕೆಂದು ಅದಕ್ಕೆ ಯಾರೂ ಕಲಿಸಿದ್ದಲ್ಲ.

ಸಂಬಂಧಿಕರ ಸಲಹೆಗಳಿಗೆ ಕೊನೆಯಿಲ್ಲ. ಅವನ ಕೈಗೆ ದುಡ್ಡು ಕೊಡಬೇಡಿ, ಒಬ್ಬನನ್ನೇ ಪೇಟೆಗೆ ಬಿಡಬೇಡಿ, ಬಂದ ಕೂಡಲೇ ದೈವದ ಮುಂದೆ ಪ್ರಮಾಣ ಮಾಡಿಸಿ ಎನ್ನುತ್ತಾರೆ. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಒಂದು ಪುಡಿಯಿದೆ, ತರಿಸಿ ಕೊಡುತ್ತೇನೆ ಎಂದವರೂ ಇದ್ದಾರೆ. ಇದೆಲ್ಲದರ ನಡುವೆ ಅತ್ತಿಗೆ ನನ್ನಲ್ಲಿ ಒಂದೇ ಒಂದು ಮಾತು ಕೇಳಿದರು: “ಅವರು ಬಂದ ಮೇಲೆ ನಾನು ಒಂದು ವಾರ ತವರಿಗೆ ಹೋಗಿ ನಿದ್ದೆ ಮಾಡಿ ಬಂದರೆ ತಪ್ಪಾಗುತ್ತದೆಯೇ?” ಗಂಡ ಸುಧಾರಿಸುತ್ತಿರುವ ಹೊತ್ತಿನಲ್ಲೇ ಹೆಂಡತಿ ಬಿಟ್ಟುಹೋದಳು ಎಂದು ಜನ ಆಡಿಕೊಳ್ಳುವರೆಂಬ ಹೆದರಿಕೆ ಅವರಿಗಿದೆ. ಇಂಥ ಮನೆಯನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಮಂಜೇಶ್ವರದ ನಿವೃತ್ತ ಶುಶ್ರೂಷಕಿ

ತಂಗೀ, ಮಂಗಳೂರಿನ ಮನೋರೋಗ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳಾಗಿ ಇದನ್ನು ಬರೆಯುತ್ತಿದ್ದೇನೆ. ಬಿಡುಗಡೆಯ ದಿನ ರೋಗಿಯ ಕಡತದಲ್ಲಿ ಅವನ ಮುಂದಿನ ಆರು ತಿಂಗಳ ಯೋಜನೆ ಇರುತ್ತದೆ, ಅವನ ಚೀಲ ಹಿಡಿದು ನಿಂತ ಹೆಂಡತಿಯ ಬಗ್ಗೆಯೋ ತಾಯಿಯ ಬಗ್ಗೆಯೋ ಒಂದು ಸಾಲೂ ಇರುವುದಿಲ್ಲ. ಇದು ನಮ್ಮ ವ್ಯವಸ್ಥೆಯ ಕೊರತೆ ಎಂದು ಆಗಲೂ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ.

ಮೊದಲು ಪುಡಿಯ ವಿಷಯ, ಏಕೆಂದರೆ ಅದು ಪ್ರಾಣಕ್ಕೆ ಸಂಬಂಧಿಸಿದ್ದು. ಇಂಥ ಪುಡಿಗಳಲ್ಲಿ ಏನಿದೆಯೆಂದು ಕೊಡುವವರಿಗೂ ತಿಳಿದಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಔಷಧಿ ಅದರಲ್ಲಿದ್ದರೆ, ಅದನ್ನು ತಿಂದವನು ಮದ್ಯ ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿದು ಸಾವೂ ಸಂಭವಿಸಬಹುದು. ಔಷಧಿ ನಿಲ್ಲಿಸಿದ ಮೇಲೂ ಸುಮಾರು 14 ದಿನಗಳವರೆಗೆ ಈ ಅಪಾಯ ಇರುತ್ತದೆ. ಯಕೃತ್ತು ಮತ್ತು ಹೃದಯವನ್ನು ಪರೀಕ್ಷಿಸಿ, ರೋಗಿಗೆ ಎಲ್ಲವನ್ನೂ ವಿವರಿಸಿ, ಅವನ ಒಪ್ಪಿಗೆಯ ಮೇಲೆ ವೈದ್ಯರು ಕೊಡಬೇಕಾದ ಔಷಧಿ ಅದು. ಅದನ್ನು ಗುಟ್ಟಾಗಿ ಯಾರಿಗೂ ಕೊಡುವಂತಿಲ್ಲ. ಕುಡಿಯುವ ಹಂಬಲವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಔಷಧಿಗಳೂ ಇವೆ. ನಿಮ್ಮ ಅಣ್ಣನಿಗೆ ಯಾವುದನ್ನು ಬರೆದುಕೊಟ್ಟಿದ್ದಾರೆ ಎಂಬುದನ್ನು ಅವರ ಎದುರಿನಲ್ಲಿಯೇ ವೈದ್ಯರಿಂದ ಕೇಳಿ ತಿಳಿದುಕೊಳ್ಳಿ.

ಪ್ರಾಣಕ್ಕೆ ಸಂಬಂಧಿಸಿದ ಇನ್ನೊಂದು ಮಾತೂ ಇದೆ. ಅವರು ಮತ್ತೆ ಕುಡಿಯಲು ತೊಡಗಿ, ದಿನಗಟ್ಟಲೆ ಕುಡಿದ ಬಳಿಕ ಮನೆಯವರು ಸಿಟ್ಟಿನಿಂದ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೊರಟರೆ ಅದು ದೊಡ್ಡ ಅಪಾಯ. ದಿನವೂ ವಿಪರೀತ ಕುಡಿಯುವವನು ಥಟ್ಟನೆ ನಿಲ್ಲಿಸಿದರೆ 6ರಿಂದ 12 ಗಂಟೆಗಳೊಳಗೆ ಕೈ ನಡುಕ ಮತ್ತು ಬೆವರು ಶುರುವಾಗಬಹುದು, ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂಥ ಸೆಳೆತ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣಿಸುವ, ಇಲ್ಲದ ಧ್ವನಿ ಕೇಳಿಸುವ ತೀವ್ರ ಭ್ರಮೆಯ ಸ್ಥಿತಿಯೂ ಉಂಟಾಗಬಹುದು. ಅದನ್ನು ಹಠವೆಂದೋ ದೆವ್ವದ ಸೋಂಕೆಂದೋ ತಿಳಿದು ಕಾಯುತ್ತಾ ಕೂರದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ನೀವು ಕೇಳಿದ ವಿಷಯಕ್ಕೆ ಬರುತ್ತೇನೆ. ಅಣ್ಣನವರು ಮತ್ತೆ ಕುಡಿಯುವ ಸಾಧ್ಯತೆ ಇದೆ ಎಂಬುದನ್ನು ಮನೆಯವರು ಈಗಲೇ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು. ವ್ಯಸನಕ್ಕೆ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 40ರಿಂದ 60ರಷ್ಟು ಮಂದಿಗೆ ಅದು ಮರುಕಳಿಸುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಮಾದಕವ್ಯಸನ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡ, ಆಸ್ತಮಾ ಇರುವವರಲ್ಲಿಯೂ ಕಾಯಿಲೆ ಹೀಗೆ ಮರಳುವುದು ಅಷ್ಟೇ ಸಾಮಾನ್ಯ. ನಾನು ಇದನ್ನು ಹೆದರಿಸಲು ಹೇಳುತ್ತಿಲ್ಲ. ಅವರ ಕುಡಿತ ನಿಂತ ದಿನ ನಾನು ನಿದ್ದೆ ಮಾಡುತ್ತೇನೆ, ಅವರು ಪೂರ್ತಿ ಸರಿಯಾದ ಮೇಲೆ ನನ್ನ ಆರೋಗ್ಯ ನೋಡಿಕೊಳ್ಳುತ್ತೇನೆ ಎಂದು ತಾಯಿಯೂ ಹೆಂಡತಿಯೂ ಕಾಯುತ್ತಾ ಕುಳಿತರೆ, ಆ ದಿನ ಯಾವಾಗ ಬರುತ್ತದೆ ಎಂಬುದು ಅವರ ಕೈಯಲ್ಲಿಲ್ಲ. ಅವರ ಚೇತರಿಕೆ ಅಣ್ಣನ ಚೇತರಿಕೆಯ ಬೆನ್ನಿಗೆ ಕಟ್ಟಿದ್ದಾಗಬಾರದು. ಅದು ಇಂದೇ ಶುರುವಾಗಬಹುದು, ಅಣ್ಣ ಹೇಗಿದ್ದರೂ ಮುಂದುವರಿಯಬಹುದು.

ಇದಕ್ಕೆ ಅಧ್ಯಯನದ ಆಧಾರವೂ ಇದೆ. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ರಾಬರ್ಟ್ ಮೇಯರ್ಸ್ ಮತ್ತು ಸಂಗಡಿಗರು ಚಿಕಿತ್ಸೆಗೆ ಒಪ್ಪದ ಕುಡುಕರ ಕುಟುಂಬದವರಿಗಾಗಿ ‘ಕ್ರಾಫ್ಟ್’ ಎಂಬ ತರಬೇತಿಯನ್ನು ರೂಪಿಸಿದರು. ಕುಡಿಯದ ಹೊತ್ತಿನಲ್ಲಿ ಪ್ರೀತಿಯಿಂದ ಒಡನಾಡುವುದು, ಕುಡಿದ ಹೊತ್ತಿನಲ್ಲಿ ಜಗಳವಾಡದೆ ದೂರ ಸರಿಯುವುದು, ಕುಡಿತದ ಪರಿಣಾಮಗಳನ್ನು ತಾವು ಒರೆಸಿಹಾಕದೆ ಅವನಿಗೇ ಬಿಡುವುದು, ತಮ್ಮ ಸುರಕ್ಷತೆ ಮತ್ತು ತಮ್ಮ ಬದುಕಿನ ಸಂತೋಷಗಳನ್ನು ಕಾಪಾಡಿಕೊಳ್ಳುವುದು ಅದರ ತಿರುಳು. 130 ಕುಟುಂಬಸ್ಥರನ್ನು ಒಳಗೊಂಡು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ತರಬೇತಿ ಪಡೆದ ಮನೆಗಳ ಕುಡುಕರಲ್ಲಿ ಶೇಕಡಾ 64ರಷ್ಟು ಮಂದಿ ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಎದುರು ಕೂರಿಸಿ ಮನವೊಲಿಸುವ ವಿಧಾನದಲ್ಲಿ ಬಂದವರು ಶೇಕಡಾ 30 ಮಾತ್ರ. ಕುಡುಕರನ್ನು ಚಿಕಿತ್ಸೆಗೆ ತರುವುದರಲ್ಲಿ ವಿಧಾನಗಳ ನಡುವೆ ಇಷ್ಟು ಅಂತರವಿದ್ದರೂ, ನೆರವು ಪಡೆದ ಕುಟುಂಬಸ್ಥರ ಸ್ವಂತ ಸ್ಥಿತಿ ಎಲ್ಲ ವಿಧಾನಗಳಲ್ಲಿಯೂ ಸುಧಾರಿಸಿತು. ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯವಾದ ಸಂಗತಿ.

ಅಮ್ಮನ ವಿಷಯದಲ್ಲಿ ಒಂದು ಕೆಲಸ ಮಾಡಿ. ಚಾವಡಿ ಬಾಗಿಲಿನ ಒಂದು ಬೀಗದ ಕೈಯನ್ನು ಅಣ್ಣನಿಗೆ ಕೊಟ್ಟು, ರಾತ್ರಿ ಇಷ್ಟು ಗಂಟೆಯ ಬಳಿಕ ಯಾರೂ ಎದ್ದು ಬಾಗಿಲು ತೆರೆಯುವುದಿಲ್ಲ, ಊಟ ಮುಚ್ಚಿಟ್ಟಿರುತ್ತದೆ ಎಂದು ಅವರು ಬಂದ ಮೊದಲ ವಾರದಲ್ಲೇ ಶಾಂತವಾಗಿ ತಿಳಿಸಿ. ಸಾಧ್ಯವಿದ್ದರೆ ಅಮ್ಮನ ಹಾಸಿಗೆಯನ್ನು ದಾರಿಯ ಸದ್ದು ಕೇಳಿಸದ ಹಿಂದಿನ ಕೋಣೆಗೆ ಬದಲಾಯಿಸಿ. ವರ್ಷಗಟ್ಟಲೆ ಕಾದ ದೇಹ ಒಂದೇ ರಾತ್ರಿಗೆ ಪಳಗುವುದಿಲ್ಲ, ಹಾಗಾಗಿ ಮೊದಲು ಎಚ್ಚರದಲ್ಲಿಯೇ ಮಲಗಿರುತ್ತಾರೆ. ಬೇಸರಪಡದೆ ಅದನ್ನೇ ಮುಂದುವರಿಸಲಿ. ರಕ್ತದೊತ್ತಡವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿ, ನಿದ್ದೆಯಿಲ್ಲದಿರುವುದನ್ನೂ ವೈದ್ಯರಿಗೆ ಹೇಳಿ. ಇಂಥ ತಾಯಂದಿರು ವೈದ್ಯರ ಮುಂದೆ ಕುಳಿತು ಮಗನ ಕಾಯಿಲೆಯನ್ನೇ ಹೇಳಿ ಎದ್ದು ಬರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅತ್ತಿಗೆ ಖಂಡಿತ ತವರಿಗೆ ಹೋಗಲಿ. ಬಂದ ಮರುದಿನವೇ ಬೇಡ, ಬಿಡುಗಡೆಯ ನಂತರದ ಮೊದಲ ವೈದ್ಯರ ಭೇಟಿ ಮುಗಿದ ಮೇಲೆ ಹೋಗಲಿ ಎಂಬುದು ನನ್ನ ಅಭಿಪ್ರಾಯ. ಹೋಗುವ ದಿನವನ್ನೂ ಮರಳುವ ದಿನವನ್ನೂ ಗಂಡನಿಗೆ ಮೊದಲೇ ತಿಳಿಸಲಿ, ಜಗಳದ ಮಧ್ಯೆ ಚೀಲ ಹಿಡಿದು ಹೊರಡದಿರಲಿ. ದಣಿದವಳು ವಿಶ್ರಾಂತಿಗೆ ಹೋಗುವುದನ್ನು ಗಂಡನಿಗೆ ಕೊಡುವ ಶಿಕ್ಷೆಯಾಗಿಸಬಾರದು. ಮಾತ್ರೆ ತೆಗೆದುಕೊಳ್ಳುವುದು ಅವರ ಕೆಲಸ. ವೈದ್ಯರು ಯಾವುದಾದರೂ ಔಷಧಿಯನ್ನು ಇನ್ನೊಬ್ಬರ ಎದುರಿನಲ್ಲಿಯೇ ಸೇವಿಸಬೇಕು ಎಂದಿದ್ದರೆ ಮಾತ್ರ ಆ ಒಂದು ವಾರಕ್ಕೆ ಬೇರೆಯವರನ್ನು ಗೊತ್ತುಮಾಡಿಕೊಳ್ಳಿ.

ಉತ್ತರ: ಬಾಯಾರಿನ ಗೃಹಿಣಿ

ಮೇಲಿನ ಅಕ್ಕನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನನ್ನ ಗಂಡ ಕುಡಿತ ಬಿಟ್ಟು ಕೆಲವು ವರ್ಷಗಳಾದವು. ಅದಕ್ಕೂ ಮೊದಲೇ ನನ್ನ ಬದುಕು ನೆಟ್ಟಗಾಗಲು ಶುರುವಾಗಿತ್ತು ಎಂಬುದನ್ನು ಹೇಳುವುದಕ್ಕಾಗಿ ಬರೆಯುತ್ತಿದ್ದೇನೆ.

ಅದು ಶುರುವಾದದ್ದು ಹಣಕಾಸಿನಿಂದ. ಅಡಿಕೆ ತೋಟದ ಮನೆಗಳಲ್ಲಿ ದುಡ್ಡು ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ದಿನ ಒಟ್ಟಿಗೆ ಬರುತ್ತದೆ, ಮತ್ತೆ ತಿಂಗಳುಗಟ್ಟಲೆ ಕೈ ಖಾಲಿಯಾಗಿರುತ್ತದೆ. ಕುಡಿತವಿರುವ ಮನೆಗೆ ಆ ಒಂದು ದಿನವೇ ವರ್ಷದ ಅತ್ಯಂತ ಅಪಾಯದ ದಿನ. ನಾವು ದುಡ್ಡನ್ನು ಅಕ್ಕಿಯ ಡ್ರಮ್ಮಿನಲ್ಲಿ ಅಡಗಿಸಿ, ಅದನ್ನು ಅವರು ಹುಡುಕಿ, ಅದಕ್ಕಾಗಿ ರಂಪವಾಗುವ ಬದಲು, ಅವರು ಪೂರ್ಣ ಎಚ್ಚರದಲ್ಲಿದ್ದ ಒಂದು ಬೆಳಿಗ್ಗೆ ಕುಳಿತು ಮಾತಾಡಿ, ಮಾರಾಟದ ಹಣ ನೇರವಾಗಿ ಸಹಕಾರಿ ಬ್ಯಾಂಕಿನ ಜಂಟಿ ಖಾತೆಗೆ ಬೀಳುವಂತೆ, ಆಳುಗಳ ಸಂಬಳ ಮತ್ತು ಮಗುವಿನ ಶಾಲೆಯ ಖರ್ಚಿನ ಮೊತ್ತ ನನ್ನ ಪ್ರತ್ಯೇಕ ಖಾತೆಗೆ ವರ್ಗಾವಣೆಯಾಗುವಂತೆ ಏರ್ಪಾಡು ಮಾಡಿಕೊಂಡೆವು. ಅವರ ಖರ್ಚಿಗೆಂದು ಒಂದು ಮೊತ್ತ ಅವರಲ್ಲೇ ಇರುತ್ತಿತ್ತು. ಸಂಬಂಧಿಕರು ಹೇಳುವಂತೆ ಕೈಗೆ ಹತ್ತು ರೂಪಾಯಿಯೂ ಕೊಡದೆ ಇರಿಸಿದರೆ ನಲವತ್ತು ವರ್ಷದ ಗಂಡಸು ಮಗುವಿನಂತಾಗುತ್ತಾನೆ, ಹೆಂಡತಿ ಪಹರೆಯವಳಾಗುತ್ತಾಳೆ. ಅದು ಇಬ್ಬರಿಗೂ ಒಳ್ಳೆಯದಲ್ಲ. ಊರಲ್ಲಿ ಅವರು ಮಾಡಿದ ಕೈಸಾಲವನ್ನು ಕೇಳಿಕೊಂಡು ಬಂದವರಿಗೆ, “ಅವರೊಡನೆಯೇ ಮಾತಾಡಿ, ಅವರು ಸಂಜೆ ಇರುತ್ತಾರೆ” ಎಂದಷ್ಟೇ ನಾನು ಉತ್ತರಿಸುತ್ತಿದ್ದೆ. ಆ ಒಂದು ವಾಕ್ಯವನ್ನು ನಡುಗದ ಧ್ವನಿಯಲ್ಲಿ ಹೇಳುವುದಕ್ಕೆ ತುಂಬಾ ದಿನ ಬೇಕಾಯಿತು.

ಎರಡನೆಯದು ಬಾಯಿ ಮೂಸುವುದು. ಈ ಮಾತು ಅಸಹ್ಯವೆನ್ನಿಸಬಹುದು, ಆದರೆ ಕುಡಿಯುವವರ ಹೆಂಡತಿಯರೆಲ್ಲರಿಗೂ ಗೊತ್ತಿರುವ ಸಂಗತಿ. ಅವರು ಒಳಗೆ ಕಾಲಿಟ್ಟ ಕೂಡಲೇ ನೀರು ಕೊಡುವ ನೆಪದಲ್ಲಿ ಹತ್ತಿರ ಹೋಗುವುದು, ಚಪ್ಪಲಿ ಬಿಡುವಾಗ ಗೋಡೆ ಹಿಡಿದರೇ ಎಂದು ನೋಡುವುದು, ಬೈಕಿನ ಪೆಟ್ಟಿಗೆ ತೆರೆಯುವುದು, ತೋಟದ ಪಂಪಿನ ಕೋಣೆಯಲ್ಲಿ ಬಾಟಲಿ ಹುಡುಕುವುದು. ಇಷ್ಟು ಮಾಡಿದರೂ ಒಂದು ಗುಟುಕು ಕಡಿಮೆಯಾಗುವುದಿಲ್ಲ, ನಮ್ಮ ದಿನವೆಲ್ಲ ಅದರಲ್ಲೇ ಕಳೆಯುತ್ತದೆ. ಅಣ್ಣನವರು ಮನೆಗೆ ಬಂದ ಮೇಲೆ ಈ ಕಾವಲು ಇನ್ನೂ ಹೆಚ್ಚಾಗುವ ಸಂಭವವಿದೆ, ಏಕೆಂದರೆ ಈಗ ಕಳೆದುಕೊಳ್ಳುವುದಕ್ಕೆ ಏನೋ ಇದೆ ಎಂಬ ಆತಂಕ ಎಲ್ಲರಿಗೂ ಇರುತ್ತದೆ. ಅತ್ತಿಗೆಯವರಿಗೆ ಹೇಳಿ: ಆ ಹೊತ್ತನ್ನು ಬೇರೆ ಯಾವುದಕ್ಕಾದರೂ ಕೊಡಲಿ. ಕುಟುಂಬಶ್ರೀಯ ಸಭೆಗೆ ಮರಳಿ ಹೋಗಲಿ. ಎಲ್ಲರಿಗೂ ವಿಷಯ ಗೊತ್ತಿರುತ್ತದೆ, ಗೊತ್ತಿಲ್ಲವೆಂದು ನಟಿಸಬೇಕಾದ ದಣಿವೇ ಹೆಚ್ಚಿನದು.

ಪ್ರಮಾಣದ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ನಾನು ದೈವವನ್ನು ನಂಬುವವಳು, ಆ ನಂಬಿಕೆಯಿಂದಲೇ ಹೇಳುತ್ತಿದ್ದೇನೆ. ಮನೆಯವರೆಲ್ಲ ಸೇರಿ ಒತ್ತಾಯದಿಂದ ಮಾಡಿಸಿದ ಪ್ರಮಾಣ ಒಂದು ದಿನ ಮುರಿದರೆ, ಕುಡಿದ ನಾಚಿಕೆಯ ಮೇಲೆ ದೈವದ ಮುಂದೆ ತಪ್ಪಿದೆನೆಂಬ ಭಯವೂ ಸೇರಿ, ಆ ಭಯವನ್ನು ಮರೆಯಲು ಅವರು ಮತ್ತೆ ಕುಡಿಯುತ್ತಾರೆ. ಮುಂದೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ದನ ಸತ್ತರೂ, ಅದೇ ಕಾರಣವೆಂದು ತಾಯಂದಿರು ಕೊರಗುತ್ತಾರೆ. ಅಮ್ಮ ತಮ್ಮ ನೆಮ್ಮದಿಗಾಗಿ ಮಧೂರಿಗೋ ಕಣಿಪುರಕ್ಕೋ ಹೋಗಿ ಕೈಮುಗಿದು ಬರಲಿ, ಅದು ಅವರಿಗೆ ನಿಜವಾಗಿಯೂ ಬಲ ಕೊಡುತ್ತದೆ. ಆದರೆ ಮಗನನ್ನು ಎಳೆದುಕೊಂಡು ಹೋಗಿ ಪ್ರಮಾಣ ಮಾಡಿಸುವುದು ಬೇಡ.

ಉತ್ತರ: ಕುಂಬಳೆಯಿಂದ, ಕುಡಿತ ಬಿಟ್ಟವನು

ಅಕ್ಕನ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ನಾನು ಸ್ವಂತ ಇಚ್ಛೆಯಿಂದ, ಚಿಕಿತ್ಸೆ ಮುಗಿಸಿ ಸಾಕಷ್ಟು ಕಾಲವಾದ ಮೇಲೆ, ಒಬ್ಬನೇ ಹೋಗಿ ಪ್ರಾರ್ಥಿಸಿಕೊಂಡಿದ್ದೆ, ಅದು ನನಗೆ ಆಸರೆಯಾಯಿತು. ಹೀಗಾಗಿ ಅಣ್ಣನವರೇ ಕೇಳಿದರೆ ತಡೆಯಬೇಡಿ.

ಆಸ್ಪತ್ರೆಯಿಂದ ಬಂದವನಿಗೆ ಮನೆಯ ಒಳಗಿನ ಗಾಳಿ ತುಂಬಾ ಭಾರವಾಗಿರುತ್ತದೆ. ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ತಟ್ಟೆಗೆ ಎರಡು ಸಲ ಪಾಯಸ ಬಡಿಸುತ್ತಾರೆ, ಸ್ನಾನಕ್ಕೆ ಹೋಗಿ ಹತ್ತು ನಿಮಿಷ ತಡವಾದರೆ ಬಾಗಿಲು ತಟ್ಟುತ್ತಾರೆ. ನನಗೆ ನೆರವಾದದ್ದು ಬೇರೆಯೇ. ನನ್ನ ತಾಯಿ ನನ್ನ ವಿಷಯ ಬಿಟ್ಟು ತಮ್ಮ ಮೊಣಕಾಲು ನೋವಿಗೆ ಚಿಕಿತ್ಸೆ ಮಾಡಿಸಿಕೊಳ್ಳಲು ಹೊರಟರು, ಹೆಂಡತಿ ಹೊಲಿಗೆ ತರಗತಿಗೆ ಸೇರಿದಳು. ಮನೆಯವರ ಸುಖದುಃಖವೆಲ್ಲ ನನ್ನೊಬ್ಬನ ಮೇಲೆ ನಿಂತಿಲ್ಲ ಎಂದು ತಿಳಿದಾಗ ನನಗೆ ಉಸಿರಾಡಲು ಜಾಗವಾಯಿತು. ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಅಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ನಾನು ಹೋಗುತ್ತೇನೆ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಕೂಟದ ಮಗ್ಗುಲಲ್ಲೇ, ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಅಲ್-ಅನಾನ್ ಶುರುವಾಯಿತು. ಕುಡಿತಕ್ಕೆ ನಾನು ಕಾರಣಳಲ್ಲ, ಅದನ್ನು ನಾನು ಹತೋಟಿಯಲ್ಲಿಡಲಾರೆ, ಅದನ್ನು ನಾನು ಗುಣಪಡಿಸಲಾರೆ ಎಂಬ ಮೂರು ಮಾತುಗಳು ಅಲ್ಲಿ ಬಹಳ ಬಳಕೆಯಲ್ಲಿವೆ. ನಿಮ್ಮ ಅಮ್ಮ ಆ ಮೂರನ್ನು ಒಮ್ಮೆಯಾದರೂ ಯಾರ ಬಾಯಿಂದಲಾದರೂ ಕೇಳಬೇಕು.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆಯವರು ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಿಂದ ಬಿಟ್ಟವರೂ ನಮ್ಮ ಕಡೆ ಇದ್ದಾರೆ. ಶಿಬಿರದ ನಂತರ, ಅಲ್ಲಿ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಯ ಸಭೆಗಳಿಗೆ ಹೋಗುತ್ತಲೇ ಇದ್ದವರು ಹೆಚ್ಚು ಕಾಲ ಕುಡಿಯದೆ ಉಳಿದುಕೊಂಡಿದ್ದಾರೆ ಎಂಬುದು ನನ್ನ ಕಣ್ಣಿಗೆ ಕಂಡದ್ದು.

ಉತ್ತರ: ಬದಿಯಡ್ಕದ ಸಮಾಜಸೇವಾ ಕಾರ್ಯಕರ್ತೆ

ಕೆಲವು ಉಪಯುಕ್ತ ಮಾಹಿತಿಗಳನ್ನು ಸೇರಿಸುತ್ತೇನೆ.

ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯಡಿ ಎಲ್ಲ ಜಿಲ್ಲೆಗಳಲ್ಲಿ ವ್ಯಸನಮುಕ್ತಿ ಕೇಂದ್ರಗಳಿವೆ. ನಮ್ಮ ಜಿಲ್ಲೆಯದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ವಿಮುಕ್ತಿಯ ಉಚಿತ ದೂರವಾಣಿ ಸಂಖ್ಯೆ 14405. ಅಲ್ಲಿ ಮಾತು ಹೆಚ್ಚಾಗಿ ಮಲಯಾಳದಲ್ಲಿ ನಡೆಯುತ್ತದೆ. ಪೆರ್ಲ, ಬಾಯಾರು ಕಡೆಯ ನಮ್ಮ ಹಿರಿಯ ಹೆಂಗಸರಿಗೆ ಅಂಗಡಿಯ ವ್ಯವಹಾರಕ್ಕೆ ಸಾಕಾಗುವಷ್ಟು ಮಲಯಾಳ ಬಂದರೂ, ಮನಸ್ಸಿನ ನೋವನ್ನು ಹೇಳಿಕೊಳ್ಳುವಷ್ಟು ಬರುವುದಿಲ್ಲ. ಅದಕ್ಕಾಗಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಯನ್ನು ಗುರುತುಹಾಕಿಕೊಳ್ಳಿ. ಅದು ಹಗಲಿರುಳೂ ಉಚಿತ, ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ. ಕುಡಿಯುವವನ ಪರವಾಗಿ ಮಾತ್ರ ಕರೆ ಮಾಡಬೇಕೆಂದಿಲ್ಲ. ಅಮ್ಮ ತಮ್ಮ ನಿದ್ದೆಗೇಡಿನ ಬಗ್ಗೆಯೇ ಮಾತಾಡಬಹುದು.

ನಿಮ್ಮ ಪ್ರಶ್ನೆಯಲ್ಲಿ ಹೊಡೆತ ಬಡಿತದ ಮಾತಿಲ್ಲ. ಆದರೂ ಇದನ್ನು ಓದುವ ಬೇರೆ ಮನೆಯವರಿಗಾಗಿ ಹೇಳುತ್ತೇನೆ: ಕಾಯಿಲೆಯೆಂಬ ಕಾರಣಕ್ಕೆ ಹೊಡೆತವನ್ನು ಸಹಿಸಬೇಕಾಗಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ಹೆಂಡತಿಗೆ ಮಾತ್ರವಲ್ಲದೆ, ಒಂದೇ ಮನೆಯಲ್ಲಿ ವಾಸಿಸುವ ತಾಯಿಗೂ ಸಹೋದರಿಗೂ ರಕ್ಷಣೆ ಕೇಳುವ ಹಾಗೂ ಆ ಮನೆಯಲ್ಲೇ ಉಳಿಯುವ ಹಕ್ಕಿದೆ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಕುಟುಂಬಶ್ರೀಯ ‘ಸ್ನೇಹಿತ’ ಎಂಬ ಸಹಾಯ ಕೇಂದ್ರ ನಮ್ಮ ಜಿಲ್ಲೆಯಲ್ಲಿಯೂ ಇದೆ, ಅಲ್ಲಿ ಅಗತ್ಯವಿದ್ದವರಿಗೆ ತಾತ್ಕಾಲಿಕ ಆಶ್ರಯವೂ ಸಿಗುತ್ತದೆ. ರಾತ್ರಿ ಹೊರಡಬೇಕಾಗಿ ಬಂದರೆ ಯಾವ ಮನೆಗೆ ಹೋಗುವುದು, ಆಧಾರ್ ಕಾರ್ಡು ಮತ್ತು ಬ್ಯಾಂಕ್ ಪುಸ್ತಕ ಎಲ್ಲಿವೆ ಎಂಬುದನ್ನು ಅಂಥ ಮನೆಯ ಹೆಂಗಸರು ಮೊದಲೇ ಯೋಚಿಸಿ ಇಟ್ಟುಕೊಳ್ಳಬೇಕು.

2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯಾನದೊಳಗೆ ಸೇರಿಸಿದೆ. ಆದ್ದರಿಂದ ರೋಗಿಯನ್ನು ಸರಪಳಿ ಹಾಕಿ ಇರಿಸುವುದಕ್ಕೆ, ಹೊಡೆಯುವುದಕ್ಕೆ ಯಾವ ವ್ಯಸನಮುಕ್ತಿ ಕೇಂದ್ರಕ್ಕೂ ಅಧಿಕಾರವಿಲ್ಲ. ‘ಎಳೆದುಕೊಂಡು ಹೋಗುತ್ತೇವೆ, ನೀವು ಹಣ ಕಟ್ಟಿದರೆ ಸಾಕು’ ಎನ್ನುವವರಿಂದ ದೂರವಿರಿ.

ಇನ್ನೊಂದು ಮಾತು. ಪತಿಯನ್ನು ಮದ್ಯವ್ಯಸನದಿಂದ ಕಳೆದುಕೊಂಡ ಶಾಂತಿ ರಂಗನಾಥನ್ ಅವರು ಚೆನ್ನೈಯಲ್ಲಿ 1980ರಲ್ಲಿ ಒಂದು ಚಿಕಿತ್ಸಾ ಪ್ರತಿಷ್ಠಾನವನ್ನು ಕಟ್ಟಿದರು. ಅದರ ಟಿ.ಟಿ.ಕೆ. ಆಸ್ಪತ್ರೆಯಲ್ಲಿ ರೋಗಿಯ ಜೊತೆಗೆ ಅವನ ಮನೆಯವರಿಗೂ ಪ್ರತ್ಯೇಕ ಕಾರ್ಯಕ್ರಮವಿದೆ. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೆಂಡತಿಯಾಗಿ ಅನುಭವಿಸಿದವರೇ ಕಟ್ಟಿದ ಸಂಸ್ಥೆಯಲ್ಲಿ ಮನೆಯವರಿಗೂ ಜಾಗ ಸಿಕ್ಕಿದ್ದು ಸಹಜವೇ. ನಿಮ್ಮ ಅಣ್ಣನ ಆಸ್ಪತ್ರೆಯಲ್ಲಿ ಬಿಡುಗಡೆಗೆ ಮೊದಲು, “ನಮ್ಮೊಂದಿಗೆ ಪ್ರತ್ಯೇಕವಾಗಿ ಒಂದು ಗಂಟೆ ಮಾತಾಡಿ” ಎಂದು ಆಪ್ತಸಮಾಲೋಚಕರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ.

ಪೆರ್ಲದ ತಂಗಿ:

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಉತ್ತರಗಳನ್ನು ಅತ್ತಿಗೆಗೆ ಫೋನಿನಲ್ಲಿ ಓದಿ ಹೇಳಿದೆ. ಬಾಯಿ ಮೂಸುವ ಮಾತು ಬಂದಾಗ ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ “ಮುಂದೆ ಓದು” ಎಂದರು. ಸಮಾಲೋಚಕರು ಶುಕ್ರವಾರ ಸಮಯ ಕೊಟ್ಟಿದ್ದಾರೆ, ಅಮ್ಮನನ್ನೂ ಕರೆದುಕೊಂಡು ಹೋಗುತ್ತೇವೆ. ಒಂದು ಪ್ರಶ್ನೆ ಉಳಿದಿದೆ. ಅಪ್ಪ ಆಸ್ಪತ್ರೆಯಲ್ಲಿರುವುದು ಹೊಟ್ಟೆನೋವಿಗೆ ಎಂದು ಮಗುವಿಗೆ ಹೇಳಲಾಗಿದೆ. ಈಗ ಏನು ಹೇಳುವುದು?

ಬಾಯಾರಿನ ಗೃಹಿಣಿ:

ಮಗುವಿಗೆ ಹೊಟ್ಟೆನೋವಲ್ಲ ಎಂಬುದು ಗೊತ್ತಿದೆ ಎಂದೇ ತಿಳಿಯಿರಿ. ಅತಿಥಿಗಳಿಗೆ ತಾನಾಗಿಯೇ ಸುಳ್ಳು ಹೇಳಲು ಕಲಿತ ಮಗು ಎಲ್ಲವನ್ನೂ ಗಮನಿಸುತ್ತಿರುತ್ತದೆ. ತನ್ನ ಗಲಾಟೆಯಿಂದಲೋ ಅಂಕ ಕಡಿಮೆಯಾದದ್ದರಿಂದಲೋ ಅಪ್ಪ ಕುಡಿಯುತ್ತಾರೆ ಎಂದು ಈ ವಯಸ್ಸಿನ ಮಕ್ಕಳು ಒಳಗೊಳಗೇ ನಂಬಿಕೊಂಡಿರುವುದುಂಟು. ನನ್ನ ಮಗಳು ಹಾಗೆ ನಂಬಿದ್ದಳು. ಅವಳಿಗೆ ನಾನು ಹೇಳಿದ್ದು ಇಷ್ಟು: “ಅಪ್ಪನಿಗೆ ಕುಡಿಯದೆ ಇರಲಾಗದ ಒಂದು ಕಾಯಿಲೆ ಇದೆ. ಅದು ನಿನ್ನಿಂದ ಬಂದದ್ದಲ್ಲ, ಅದನ್ನು ಸರಿಮಾಡುವ ಕೆಲಸವೂ ನಿನ್ನದಲ್ಲ. ಡಾಕ್ಟರು ಮದ್ದು ಕೊಡುತ್ತಿದ್ದಾರೆ. ಮನೆಗೆ ಯಾರಾದರೂ ಬಂದರೆ ನನ್ನನ್ನು ಕರೆ, ಉತ್ತರ ನಾನು ಹೇಳುತ್ತೇನೆ.” ಅಪ್ಪ ಇನ್ನು ಕುಡಿಯುವುದೇ ಇಲ್ಲ ಎಂಬ ಮಾತನ್ನು ಮಾತ್ರ ಮಗುವಿಗೆ ಕೊಡಬೇಡಿ.

ಮಂಜೇಶ್ವರದ ನಿವೃತ್ತ ಶುಶ್ರೂಷಕಿ:

ಸರಿಯಾದ ಮಾತು. ಇದರೊಂದಿಗೆ ತರಗತಿಯ ಟೀಚರಿಗೂ ವಿಷಯವನ್ನು ಸಂಕ್ಷಿಪ್ತವಾಗಿ ತಿಳಿಸಿ, ಮಗು ಒಂದೆರಡು ದಿನ ಮಂಕಾಗಿದ್ದರೆ ಗದರುವ ಬದಲು ನಿಮಗೆ ತಿಳಿಸುತ್ತಾರೆ. ಅತ್ತಿಗೆ ತವರಿಗೆ ಹೋಗುವುದು ಶಾಲೆಗೆ ರಜೆಯಿರುವ ವಾರವಾದರೆ ಮಗುವೂ ಜೊತೆಗೆ ಹೋಗಬಹುದು. ಶುಕ್ರವಾರ ಸಮಾಲೋಚಕರ ಬಳಿ ಹೋಗುವಾಗ ಅಮ್ಮನ ರಕ್ತದೊತ್ತಡದ ಚೀಟಿಯನ್ನೂ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಅದೇ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅವರ ಹೆಸರಿನಲ್ಲಿಯೇ ಒಂದು ಚೀಟಿ ಮಾಡಿಸಿ, ಅಂದೇ ತೋರಿಸಿಕೊಂಡು ಬನ್ನಿ.